ಸಹೃದಯಿ, ಬಿಬವೇವಾಡಿ

ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಸೌಟಿನ ಪಕ್ಕದ ಮೊಳೆಗೆ ಒಂದು ಇಯರ್‌ಫೋನ್ ನೇತುಬಿದ್ದಿದೆ. ಬಿಳಿ ಬಣ್ಣದ್ದು. ಅಂದರೆ, ಕೊಂಡಾಗ ಬಿಳಿಯಾಗಿತ್ತು. ಈಗ ಅರಿಸಿನ, ಕಡಲೆಹಿಟ್ಟು, ನನ್ನ ತಲೆಯ ಕೊಬ್ಬರಿ ಎಣ್ಣೆ ಎಲ್ಲ ಸೇರಿ ಅದಕ್ಕೊಂದು ಹೆಸರಿಲ್ಲದ ಬಣ್ಣ ಬಂದಿದೆ. ಎಡಗಿವಿಯದು ಸತ್ತು ಬಹಳ ಕಾಲವಾಯಿತು. ಬಲಗಿವಿಯದೊಂದೇ ಸಂಸಾರ ತೂಗಿಸುತ್ತಿತ್ತು. ಕಳೆದ ಭಾನುವಾರದಿಂದ ನಾನು ಅದನ್ನು ಮುಟ್ಟಿಲ್ಲ. ನೀರು ಕುಡಿಯಲು ಒಳಗೆ ಹೋದರೆ ಆ ಮೊಳೆಯ ಕಡೆ ನೋಡದೆ ಗೋಡೆ ಹಿಡಿದುಕೊಂಡು ಹೊರಗೆ ಬರುತ್ತೇನೆ. ವೈರಿನ ತುಂಡಿಗೆ ಮುಖ ಮರೆಸಿಕೊಂಡು ಓಡಾಡುವ ಗಂಡಸನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ಪುಣೆಗೆ ಬನ್ನಿ, ಬಿಬವೇವಾಡಿಯಲ್ಲೇ ಇರುತ್ತೇನೆ.

ಅದು ನನ್ನ ಕಿವಿಗೆ ಬಂದದ್ದು ಮಗಳ ದಯದಿಂದ. ನನಗೆ ಕಣ್ಣಿನ ಪೊರೆ ತೆಗೆಸಿದ ಹೊಸದರಲ್ಲಿ ಸದ್ಯಕ್ಕೆ ಓದಬೇಡಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ವಿಮಾ ಕಚೇರಿಯ ಕುರ್ಚಿ ಬಿಟ್ಟ ಮೇಲೆ ಓದುವುದೊಂದೇ ನನಗೆ ಉಳಿದಿದ್ದ ನೌಕರಿ. ಅದೂ ಹೋದರೆ ಹೆಂಡತಿ ಸುಮಿತ್ರೆಯ ಹಿಂದೆ ಮುಂದೆ ಸುಳಿದಾಡುತ್ತ, ಮುಚ್ಚಳ ತೆರೆದು ಸಾರು ಮೂಸುತ್ತ ಬೈಸಿಕೊಳ್ಳಬೇಕಿತ್ತು. ಬೈಸಿಕೊಳ್ಳುತ್ತಲೂ ಇದ್ದೆ. ಆಗಿನ್ನೂ ಮದುವೆಯಾಗಿರದ ಮೇಧಾ ಒಂದು ಸಂಜೆ ನನ್ನ ಫೋನು ಕಸಿದುಕೊಂಡಳು.

"ಅಪ್ಪಾ, ಕಣ್ಣಿಗ್ಯಾಕ ತ್ರಾಸು ಕೊಡ್ತೀರಿ? ಇದರಾಗ ಕನ್ನಡ ಕಾದಂಬರಿ ಓದಿ ಹೇಳ್ತಾರ. ಕಿವ್ಯಾಗ ಹಾಕ್ಕೊಂಡು ಸುಮ್ನ ಕೂಡ್ರಿ. ಅಮ್ಮಗೂ ಜರಾ ಶಾಂತಿ ಸಿಗ್ತದ."

ನನ್ನ ಇಮೇಲಿನ ಪಾಸ್‌ವರ್ಡು ನನಗೇ ನೆನಪಿರಲಿಲ್ಲ. ಹಾಗಾಗಿ ತನ್ನದನ್ನೇ ಹಾಕಿ ಎಲ್ಲ ಜೋಡಿಸಿಕೊಟ್ಟಳು. ಹಾಗೆ ಮಾಡಿದ್ದೇನೆಂದು ಅವಳು ಹೇಳಿದಳು, ನಾನು ಹೂಂ ಎಂದೆ, ಮತ್ತು ಮರೆತೆ. ಈ ಮಾತನ್ನು ನೀವಾದರೂ ನೆನಪಿಟ್ಟುಕೊಳ್ಳಿ.

ಮೊದಮೊದಲು ನಾನು ನನ್ನ ವಯಸ್ಸಿಗೆ ತಕ್ಕಂಥ ಗಂಭೀರ ಪುಸ್ತಕಗಳನ್ನೇ ಕೇಳಿದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಆಮೇಲೆ ಹೆಬ್ಬೆರಳು ಅದು ಹೇಗೋ ಜಾರಿ 'ಪ್ರೇಮ ಮತ್ತು ಕುಟುಂಬ' ಎಂಬ ಸಾಲಿನ ಮೇಲೆ ಬಿತ್ತು. ಅಲ್ಲಿಗೆ ನನ್ನ ಗಾಂಭೀರ್ಯದ ಕಥೆ ಮುಗಿಯಿತು. ಕಾಲೇಜಿನ ಹುಡುಗಿ ಬಸ್ಸಿಗೆ ಕಾಯುತ್ತಾಳೆ, ಹುಡುಗ ಸೈಕಲ್ಲಿನ ಚೈನು ಬಿದ್ದಿದೆ ಎಂದು ಸುಳ್ಳು ಹೇಳಿ ಅಲ್ಲೇ ನಿಲ್ಲುತ್ತಾನೆ, ಅವಳ ಅಣ್ಣ ದೂರದಿಂದ ನೋಡುತ್ತಾನೆ, ಇಲ್ಲಿ ಬಿಬವೇವಾಡಿಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತ ನನ್ನ ಎದೆ ಡವಗುಟ್ಟುತ್ತದೆ. ತಲೆಯಲ್ಲಿ ಕೂದಲಿಲ್ಲದ ಮನುಷ್ಯ ಹೀಗೆ ಮಾಡಬಹುದೆ? ನನಗೇ ನಾಚಿಕೆಯಾಗುತ್ತಿತ್ತು. ಸುಮಿತ್ರೆ ಏನು ಕೇಳುತ್ತಿದ್ದೀರಿ ಎಂದಾಗ ಪ್ರವಚನ ಎಂದುಬಿಟ್ಟೆ.

"ಪ್ರವಚನಕ್ಕ ಯಾರರ ಹಿಂಗ ಕಣ್ಣೊರಸ್ಕೋತಾರೇನ್ರಿ?"

"ವೈರಾಗ್ಯದ್ದು ನಡದದ," ಎಂದೆ.

ಒಂದು ದಿನ ಮೆಂತ್ಯೆಯ ದಂಟು ಸಿಕ್ಕಿ ವೈರು ಫೋನಿನಿಂದ ಕಳಚಿಕೊಂಡಿತು. ಮರುಗಳಿಗೆ ಇಡೀ ಅಡುಗೆಮನೆಗೆ ಕೇಳುವಂತೆ ಒಬ್ಬ ತರುಣ, ನಿನ್ನ ಬೆರಳು ನನ್ನ ಬೆರಳಿಗೆ ತಾಗಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ ಎಂದು ನಿವೇದಿಸಿಕೊಂಡ. ಸುಮಿತ್ರೆ ಲಟ್ಟಣಿಗೆ ನಿಲ್ಲಿಸಿ ಅವನ ಮಾತು ಪೂರ್ತಿ ಕೇಳಿದಳು. ಆಮೇಲೆ, "ಸ್ವಾಮಿಗೋಳು ಭಾಳ ಚಂದ ಹೇಳ್ಲಿಕ್ಕತ್ತಾರ," ಎಂದು ಮತ್ತೆ ಚಪಾತಿ ಲಟ್ಟಿಸತೊಡಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಕಾದಂಬರಿಗಳಿಗೆಲ್ಲ ಸ್ವಾಮಿಗಳು ಎಂದೇ ಹೆಸರು.

ಹಾಗೆ ನೋಡಿದರೆ ಕೇಳುವ ಕಾದಂಬರಿ ನನಗೆ ಹೊಸದಲ್ಲ. ನಾನೇ ಒಂದು ಕಾಲಕ್ಕೆ ಓದಿ ಹೇಳುವ ಯಂತ್ರವಾಗಿದ್ದೆ. ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಸೇರುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಮೊರ, ಮೊರದಲ್ಲಿ ಅಕ್ಕಿಯೋ ಬೇಳೆಯೋ. ನನ್ನ ಅವ್ವನಿಗೆ ಓದಲು ಬರುತ್ತಿರಲಿಲ್ಲ. ವಾಚನಾಲಯದಿಂದ ತಂದ ಕಾದಂಬರಿಯನ್ನು ನಾನು ಕಂಬಕ್ಕೆ ಒರಗಿ ಓದಬೇಕು, ಅವರು ಕಲ್ಲು ಆರಿಸುತ್ತ ಕೇಳಬೇಕು. ನಾಯಕ ನಾಯಕಿ ಒಂಟಿಯಾಗಿ ಸಿಕ್ಕಿದರೆಂದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಗಬಕ್ಕನೆ ಪುಟ ಹಾರಿಸುತ್ತಿದ್ದೆ.

"ಯಾಕೋ, ಎರಡು ಹಾಳಿ ತಿರುವಿದಿ?" ಅವ್ವನ ಕಣ್ಣು ಅಕ್ಕಿಯ ಮೇಲಿದ್ದರೂ ಕಿವಿ ಹಾಳೆಯ ಸದ್ದಿನ ಮೇಲಿರುತ್ತಿತ್ತು.

"ಅಂಟಿಕೊಂಡಿದ್ವು."

"ಬಿಡಿಸಿ ಓದು. ಅಂಟಿಕೊಂಡಿದ್ದ ನೋಡಬೇಕಲ್ಲ," ಎಂದು ಯಾರೋ ಅನ್ನುವರು. ಮೊರಗಳೆಲ್ಲ ನಗೆಯಿಂದ ಅಲ್ಲಾಡುವವು.

ಓದು ಮುಗಿದ ಮೇಲೆ ಅಭಿಪ್ರಾಯಗಳು. ಇವತ್ತಿನ ಯಾವ ವಿಮರ್ಶಕನಿಗೂ ಆ ಧೈರ್ಯವಿಲ್ಲ. "ಆ ಹುಡುಗಗ ಬೆನ್ನಾಗ ಎಲುಬಿಲ್ಲ." "ಆಕಿಗೂ ಬುದ್ಧಿ ಇಲ್ಲ, ಪತ್ರಾ ಬರೀಲಿಕ್ಕೆ ಹೋಗ್ಯಾಳ." ಪಕ್ಕದ ಮನೆಯ ಗಂಗಕ್ಕ ಮಾತ್ರ ಏನೂ ಹೇಳುತ್ತಿರಲಿಲ್ಲ, ಅಳುತ್ತಿದ್ದಳು. ಕಾದಂಬರಿಯ ಸೊಸೆಗೆ ಅತ್ತೆ ತಂಗಳು ಹಾಕಿದರೆ ಗಂಗಕ್ಕನ ಸೆರಗು ಒದ್ದೆಯಾಗುತ್ತಿತ್ತು. ಅದೇ ಸೆರಗಿನಿಂದ ಮೂಗೊರಸಿಕೊಂಡು ಮನೆಗೆ ಹೋದವಳು ತನ್ನ ಸೊಸೆಯನ್ನು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದ್ದಕ್ಕೆ ಓಣಿಗೆಲ್ಲ ಕೇಳುವಂತೆ ಜಾಡಿಸುತ್ತಿದ್ದಳು. ನಮ್ಮವ್ವ ಆ ಗೋಡೆಯ ಕಡೆ ನೋಡಿ, "ಪಾಪ, ಆ ಸೊಸಿ ಪುಸ್ತಕದಾಗ ಹುಟ್ಟಬೇಕಿತ್ತು," ಎನ್ನುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಗಂಗಕ್ಕನ ನಕಲು ಮಾಡಿ ತೋರಿಸಿ ಶಾಬಾಸ್ ಎನ್ನಿಸಿಕೊಳ್ಳುತ್ತಿದ್ದೆ ಕೂಡ.

ಆ ಪಡಸಾಲೆಯೇ ಈಗ ಫೋನಿನೊಳಗೆ ಬಂದು ಕುಳಿತಿದೆ. ಕಾದಂಬರಿ ಮುಗಿದ ಮೇಲೆ ಕೆಳಗೆ ಕೇಳುಗರು ಅಭಿಪ್ರಾಯ ಬರೆಯುತ್ತಾರೆ. ಕಥೆ ಯಾವುದೇ ಇರಲಿ, 'ಸೂಪರ್ ವಾಯ್ಸ್ ಮೇಡಂ' ಎಂದಷ್ಟೇ ಬರೆಯುವವರೊಬ್ಬರಿದ್ದಾರೆ. ನಡುವೆ ಕೊಳಲು ಯಾಕೆ, ನಿದ್ದೆ ಕೆಡುತ್ತದೆ ಎಂದು ಜಗಳಕ್ಕೆ ಬರುವವರಿದ್ದಾರೆ. ನಾಯಕಿ ಆ ಹುಡುಗನನ್ನು ಬಿಟ್ಟು ಈ ಹುಡುಗನನ್ನು ಮದುವೆಯಾಗಬೇಕಿತ್ತು ಎಂದು ಸಂಬಂಧ ಕುದುರಿಸುವವರು ಬಹಳ. ಬಾರಾಮತಿಯ ಶಾಂತಾ ಎಂಬವರು ತಮ್ಮ ಮನೆಯ ಸುದ್ದಿಯನ್ನೇ ಬರೆಯುತ್ತಾರೆ: ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿದ್ದಾರಂತೆ, ಸುತ್ತಮುತ್ತ ಕನ್ನಡ ಮಾತಾಡುವವರು ಯಾರೂ ಇಲ್ಲವಂತೆ, ಇದನ್ನು ಕೇಳುತ್ತ ಎದುರು ಉತ್ತರ ಕೊಡುತ್ತಿರುತ್ತಾರಂತೆ.

ಇಂಥ ಸಭೆ ಸಿಕ್ಕಿದ ಮೇಲೆ ನಾನು ಸುಮ್ಮನಿರುವ ಪೈಕಿಯೆ? 'ಸಹೃದಯಿ, ಬಿಬವೇವಾಡಿ' ಎಂದು ನನಗೆ ನಾನೇ ನಾಮಕರಣ ಮಾಡಿಕೊಂಡು ಬರೆಯತೊಡಗಿದೆ. ಒಂದೇ ಬೆರಳಿನಲ್ಲಿ ಒತ್ತೊತ್ತಿ ಬರೆದರೂ ಬರೆದದ್ದು ಮಾತ್ರ ಉದ್ದುದ್ದ. ಪ್ರೇಮಿಗಳಿಗೆ ಆಶೀರ್ವಾದ, ಹಟಮಾರಿ ತಂದೆಯರಿಗೆ ಛೀಮಾರಿ, ತಾಯಂದಿರಿಗೆ ಸಾಂತ್ವನ. ಕಚೇರಿಯಲ್ಲಿ ಇಷ್ಟು ವರ್ಷ ಬರೆದ ಟಿಪ್ಪಣಿಗಳನ್ನು ಸಾಹೇಬರು ಓದದೆ ಸಹಿ ಹಾಕುತ್ತಿದ್ದರು. ಇಲ್ಲಿ ಜನ ಓದಿದರು, ಹೃದಯದ ಗುರುತು ಒತ್ತಿದರು. 'ಸಹೃದಯಿಯವರು ಏನಂತಾರೆ ನೋಡೋಣ' ಎಂದು ಒಬ್ಬರು ಬರೆದ ದಿನ ನಾನು ಸುಮಿತ್ರೆ ಕೇಳದಿದ್ದರೂ ಬಟಾಣಿ ಸುಲಿದುಕೊಟ್ಟೆ.

ಆದರೆ ಹೆಸರು ಮರೆಸಿಕೊಂಡಿದ್ದೇನೆಂಬ ಧೈರ್ಯಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಪುಣೆಯ ಕನ್ನಡಿಗರಿಗೆ ಕನ್ನಡ ಒಂದು ಪರದೆ. ಬಾಗಿಲು ದಾಟಿದರೆ ಮರಾಠಿ, ಗುಟ್ಟು ಬಂದರೆ ಕನ್ನಡ. ಲಿಫ್ಟಿನಲ್ಲಿ ನಿಂತವರ ಮುಂದೆಯೇ ಅವರ ಸೀರೆಯ ಬಣ್ಣದ ಬಗ್ಗೆ, ಡಾಕ್ಟರ ಎದುರಿಗೇ ಡಾಕ್ಟರ ಬಗ್ಗೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ನಾವು ಮಾತಾಡಿಬಿಡುತ್ತೇವೆ. ಒಮ್ಮೆ ಇಲ್ಲಿನ ಮಂಡಿಯಲ್ಲಿ ತರಕಾರಿಯವಳೊಡನೆ ಸಭ್ಯ ಮರಾಠಿಯಲ್ಲಿ ಬದನೆಕಾಯಿ ಚೌಕಾಶಿ ಮಾಡುತ್ತಿದ್ದವನು ಸುಮಿತ್ರೆಯ ಕಡೆ ತಿರುಗಿ, "ಎಲ್ಲಾ ಕೊಳತಾವ, ಮಂದಿಗೆ ಖುಲ್ಲಂಖುಲ್ಲಾ ಮೋಸಾ ಮಾಡ್ತಾಳ ಈಕಿ," ಎಂದೆ. ತಕ್ಕಡಿಯ ಆಚೆಯಿಂದ ಅಪ್ಪಟ ಬಿಜಾಪುರದ ದನಿ ಬಂತು: "ಯಾವ ಬದನಿಕಾಯಿ ಕೊಳತೈತ್ರಿ ಯಜಮಾನ್ರ? ತೋರ್ಸ್ರಿ, ಬ್ಯಾರೇದ ಕೊಡ್ತೀನಿ." ಆಮೇಲೆ ಒಂದು ತಿಂಗಳು ನಾವು ಆ ಸಾಲಿನಲ್ಲಿ ತಲೆ ತಗ್ಗಿಸಿ ನಡೆದೆವು. ಆದರೂ ಪರದೆಯ ಮೇಲಿನ ನನ್ನ ನಂಬಿಕೆ ಹೋಗಲಿಲ್ಲ.

ಅದರಲ್ಲೂ ಬರೆದ ಕನ್ನಡವೆಂದರೆ ನನ್ನ ಪಾಲಿಗೆ ಬೀಗ ಹಾಕಿದ ಕೋಣೆ. ಯಾಕೆಂದರೆ ಪುಣೆಯಲ್ಲಿ ಹುಟ್ಟಿ ಬೆಳೆದ ಮೇಧಾ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಚಿಕ್ಕವಳಿದ್ದಾಗ ಪಾಟಿ ಹಿಡಿದು ಕಲಿಸಲು ಕುಳಿತಿದ್ದೆ. ಒತ್ತಕ್ಷರದ ಹತ್ತಿರ ಅವಳು ಅತ್ತಳು, ನಾನು ರೇಗಿದೆ, ಪಾಟಿ ಮಂಚದ ಕೆಳಗೆ ಸೇರಿತು. ಹಾಗಾಗಿ ಹೆಣ್ಣುಮಕ್ಕಳ ಬಗ್ಗೆ, ತಂದೆಯರ ಬಗ್ಗೆ ಏನು ಬರೆದರೂ ಅದು ಮನೆಯವರ ಕಣ್ಣಿಗೆ ಬೀಳುವ ಹಾಗಿರಲಿಲ್ಲ. ಸುಮಿತ್ರೆಗಂತೂ ನನ್ನ ಸ್ವಾಮಿಗಳಲ್ಲಿ ಆಸಕ್ತಿಯೇ ಇಲ್ಲ.

ಇನ್ನು ಮೇಧಾಳ ಮದುವೆಯ ಮಾತು. ಇಲ್ಲಿಗೆ ಬರಬಾರದೆಂದೇ ನಾನು ಗದಗಿಗೂ ಮಂಡಿಗೂ ನಿಮ್ಮನ್ನು ಸುತ್ತಾಡಿಸಿದ್ದು.

ಅವಳು ಮೆಚ್ಚಿದ ಹುಡುಗ ಪ್ರಶಾಂತ. ಕರಾವಳಿಯ ಕಡೆಯವರು, ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಹೋಟೆಲು ನಡೆಸುತ್ತಾರೆ. ಒಳ್ಳೆಯ ಮಂದಿ. ಎಷ್ಟು ಹುಡುಕಿದರೂ ನನಗೆ ಒಂದು ಕೊಂಕು ಸಿಗಲಿಲ್ಲ, ಮತ್ತು ಅದೇ ನನಗೆ ಸಂಕಟವಾಗಿತ್ತು. ನನ್ನ ನಿಜವಾದ ದೂರು ಬಾಯಿಬಿಟ್ಟು ಹೇಳುವಂಥದ್ದಲ್ಲ: ಅವಳು ಅದನ್ನು ಮೊದಲು ಅಮ್ಮನಿಗೆ ಹೇಳಿದ್ದಳು, ಆಮೇಲೆ ಚಿಕ್ಕಮ್ಮನಿಗೆ, ಆಮೇಲೆ ಎದುರುಮನೆಯ ಗೆಳತಿಗೆ. ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಮದುವೆ ಬೇಡ ಎನ್ನಲಿಲ್ಲ, ಬೇಕು ಎಂದೂ ಎನ್ನಲಿಲ್ಲ. ಧಾರೆ ಎರೆದೆ, ಫೋಟೋದಲ್ಲಿ ನಿಂತೆ. ಆ ಫೋಟೋ ನೋಡಿದವರು ನನ್ನನ್ನು ದೂರದ ನೆಂಟನೆಂದು ತಿಳಿಯುತ್ತಾರೆ.

ನಮ್ಮ ಕಡೆ ಹಳೆಯ ಪದ್ಧತಿಯೊಂದಿದೆ. ಮಗಳಿಗೆ ಮಗುವಾಗುವ ತನಕ ತಂದೆ ಅವಳ ಮನೆಯಲ್ಲಿ ಉಣ್ಣುವುದಿಲ್ಲ. ಕಟ್ಟಾ ಮಂದಿ ನೀರನ್ನೂ ಮುಟ್ಟುವುದಿಲ್ಲ. ಕೊಟ್ಟ ಮನೆಯದನ್ನು ತಿನ್ನಬಾರದೆಂದು ಲೆಕ್ಕ. ನಮ್ಮಜ್ಜ ತನ್ನ ಮಗಳ, ಅಂದರೆ ನನ್ನ ಸೋದರತ್ತೆಯ, ಊರಿಗೆ ಹೋಗುವಾಗ ತಂಬಿಗೆಯಲ್ಲಿ ನೀರು ತುಂಬಿಕೊಂಡು, ಅವಲಕ್ಕಿ ಗಂಟು ಕಟ್ಟಿಕೊಂಡು ಹೋಗಿ, ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ತಿಂದು ಬರುತ್ತಿದ್ದನಂತೆ. ಈ ಕಥೆ ಹೇಳಿ ನಾವು ನಗುತ್ತಿದ್ದೆವು. ನಾನೇನೂ ಪದ್ಧತಿಯ ಮನುಷ್ಯನಲ್ಲ. ಜನಿವಾರ ಬದಲಿಸುವ ದಿನವನ್ನೇ ಮರೆಯುತ್ತೇನೆ. ಆದರೆ ಮೇಧಾಳ ಮದುವೆಯಾದ ಮೇಲೆ ಇದ್ದಕ್ಕಿದ್ದಂತೆ ನನಗೆ ಆ ಒಂದು ಪದ್ಧತಿಯ ಮೇಲೆ ಭಕ್ತಿ ಉಕ್ಕಿತು. ಸಿಟ್ಟನ್ನು ಸಿಟ್ಟೆಂದು ಹೇಳಿದರೆ ಜಗಳವಾಗುತ್ತದೆ. ಪದ್ಧತಿ ಎಂದರೆ ಯಾರೂ ಎದುರಾಡುವುದಿಲ್ಲ.

ಅವರ ಹೊಸ ಮನೆಯ ವಾಸ್ತುಶಾಂತಿಗೆ ಹೋದಾಗ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿದ್ದೆ. ಎಲ್ಲರೂ ಎಲೆಯ ಮುಂದೆ ಕುಳಿತಾಗ ನಾನು ಸೋಫಾದಲ್ಲಿ ಕುಳಿತು ಬಾಟಲಿಯ ಮುಚ್ಚಳ ತಿರುವುತ್ತ, ಅಜ್ಜನ ತಂಬಿಗೆಯ ಕಥೆ ಹೇಳಿ ಬೀಗರನ್ನು ನಗಿಸಿದೆ. ಮೇಧಾ ಹೋಳಿಗೆಯ ತಟ್ಟೆ ಹಿಡಿದು ನನ್ನ ತನಕ ಬಂದವಳು ಹಾಗೇ ತಿರುಗಿ ಹೋದಳು. ಆಮೇಲೆ ಫೋನಿನಲ್ಲಿ ಊಟಕ್ಕೆ ಕರೆದಾಗಲೆಲ್ಲ ನನ್ನದು ಒಂದೇ ಉತ್ತರ.

"ಮೊದಲ ಮೊಮ್ಮಗು ಬರ್ಲಿ ಅವ್ವಾ, ಆಮ್ಯಾಲೆ ನಿನ್ನ ಮನ್ಯಾಗ ಪಂಕ್ತಿ ಹಿಡದು ಕೂಡ್ರತೀನಿ."

ಇದನ್ನು ನಾನು ನಗುತ್ತಲೇ ಹೇಳುತ್ತಿದ್ದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳುತ್ತಿರಲಿಲ್ಲ. ನಾಚಿಕೊಂಡಳು ಎಂದುಕೊಂಡು ಫೋನು ಇಡುತ್ತಿದ್ದೆ.

ಈಗ ಆ ಕಾದಂಬರಿ. ನಂದಿನಿ ಎಂಬ ಹುಡುಗಿ, ಊರಿನ ಟೇಲರನ ಮಗನನ್ನು ಮೆಚ್ಚಿ ಮದುವೆಯಾಗುತ್ತಾಳೆ. ತಂದೆ ಮಾತು ಬಿಡುತ್ತಾನೆ. ಕೊನೆಗೊಮ್ಮೆ ಅವಳ ಬಾಗಿಲ ತನಕ ಬಂದು ನಿಲ್ಲುತ್ತಾನೆ. ಬಿಸಿಲಲ್ಲಿ ಬಂದಿದ್ದಾನೆಂದು ಅವಳು ನೀರು ತಂದರೆ ಲೋಟದ ಕಡೆ ನೋಡಿ, ಮುಟ್ಟದೆ, ಬಂದ ದಾರಿ ಹಿಡಿಯುತ್ತಾನೆ. ಓದುವ ಹೆಣ್ಣುಮಗಳು ಅಲ್ಲಿ ಒಂದು ಕ್ಷಣ ನಿಲ್ಲಿಸಿದಳು ನೋಡಿ, ನಾನು ಬಿಡಿಸುತ್ತಿದ್ದ ಕೊತ್ತಂಬರಿಯ ಮೇಲೆ ಕಣ್ಣೀರು ಹಾಕಿದೆ. ಕೈತೊಳೆದು ಬಂದು ಬರೆದೆ. ಹೀಗೆ ಬರೆದಿದ್ದೆ: 'ಮಗಳ ಮನೆಯ ಒಂದು ಲೋಟ ನೀರಿಗಿಂತ ದೊಡ್ಡದಾದ ಯಾವ ಮಾನ ಈ ತಂದೆಗೆ ಇದೆ? ಆ ಲೋಟ ಹಿಡಿದು ನಿಂತ ಹುಡುಗಿಯ ಕೈ ಸೋತಿರಲಿಕ್ಕಿಲ್ಲವೆ? ಇಂಥವನನ್ನು ತಂದೆ ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.' ಕೆಳಗೆ ನನ್ನ ಬಿರುದು, ಊರು.

ಬರೆಯುವಾಗ ನನಗೆ ಹೊಳೆಯಲೇ ಇಲ್ಲವೆ ಎಂದು ನೀವು ಕೇಳುತ್ತೀರಿ. ಸುಮಿತ್ರೆಯೂ ಕೇಳಿದಳು. ಇಲ್ಲ, ಹೊಳೆಯಲಿಲ್ಲ. ಆ ತಂದೆಗೆ ಸಿಟ್ಟು, ನನಗೆ ಪದ್ಧತಿ. ಇದಕ್ಕಿಂತ ನಾಚಿಕೆಗೇಡಿನ ಉತ್ತರ ನನ್ನ ಹತ್ತಿರವಿಲ್ಲ. ಸಂಜೆಯೊಳಗೆ ಬಾರಾಮತಿಯ ಶಾಂತಾ ಉತ್ತರಿಸಿದ್ದರು: 'ಅಣ್ಣಾರ, ನಿಮ್ಮಂಥ ತಂದಿ ಸಿಗಬೇಕಂದ್ರ ನಿಮ್ಮ ಮಗಳು ಭಾಳ ಪುಣ್ಯಾ ಮಾಡಿರಬೇಕು.' ನಾನು ಅದನ್ನು ಮತ್ತೆ ಮತ್ತೆ ಓದಿಕೊಂಡು, ಅವರಿಗೊಂದು ಕೈಮುಗಿಯುವ ಚಿತ್ರ ಕಳಿಸಿದೆ.

ಅದೇ ವಾರ ಪ್ರಶಾಂತ ಬಂದ. ಮಾರ್ಕೆಟ್‌ಯಾರ್ಡಿಗೆ ಸಾಮಾನು ಕೊಳ್ಳಲು ಬಂದಾಗ ಅವನು ಹೀಗೆ ಮನೆಗೆ ಬಂದು ಹೋಗುವುದುಂಟು. ಹೋಟೆಲಿನಲ್ಲಿ ಕರಿದ ಬನ್ಸಿನ ಡಬ್ಬಿ ಮೇಜಿನ ಮೇಲಿಟ್ಟು, ಚಹಾದ ಬಟ್ಟಲು ಹಿಡಿದು ಕುಳಿತ. ನಮ್ಮಿಬ್ಬರ ನಡುವೆ ಯಾವಾಗಲೂ ಆಗುವಂತೆ ಬಿಸಿಲು, ಟ್ರಾಫಿಕ್ಕು, ತೆಂಗಿನಕಾಯಿ ಬೆಲೆಗಳ ಮಾತು ಮುಗಿಯಿತು. ಆಮೇಲೆ ಅವನೆಂದ:

"ಮಾವ, ನೀವು ಬರೆಯುವ ಅಭಿಪ್ರಾಯ ಭಾರೀ ಲಾಯ್ಕ ಇರ್ತದೆ ಆಯ್ತಾ."

ಬಾಯಿಗೆ ಒಯ್ಯುತ್ತಿದ್ದ ಬನ್ಸನ್ನು ತಿರುಗಿ ಡಬ್ಬಿಗೆ ಹಾಕಿದೆ. "ಯಾವ ಅಭಿಪ್ರಾಯ?"

"ಕಾದಂಬರಿದ್ದು. ಮೇಧಾನ ಇಮೇಲಿಗೆ ಬರ್ತದಲ್ಲ ಎಲ್ಲ. ಅವಳಿಗೆ ಓದ್ಲಿಕ್ಕೆ ಬರುದಿಲ್ಲ ಅಲ್ವಾ, ನಾನೇ ಓದಿ ಹೇಳುದು. ಬೆಳಿಗ್ಗೆ, ಹೋಟೆಲಿಗೆ ಹೋಗುವ ಮೊದಲು."

"ಎಲ್ಲಾ?"

"ಎಲ್ಲ ಮಾವ. ಒಂದು ದಿನ ತಪ್ಪಿದ್ರೂ ಅವಳು ಬಿಡುದಿಲ್ಲ. ಬಾರಾಮತಿಯವರು ಬರೆದದ್ದೂ ಓದ್ಬೇಕು." ಅವನು ಬಟ್ಟಲನ್ನು ಕೆಳಗಿಟ್ಟ. "ಮೊನ್ನೆಯದ್ದು, ಆ ನೀರಿನದ್ದು, ಓದಿದ ಮೇಲೆ ಸ್ವಲ್ಪ ಅತ್ಲು."

"ಏನಂದಳು?"

"ಇನ್ನೊಮ್ಮೆ ಓದು ಅಂದ್ಲು."

ಅವನು ಇದನ್ನು ಬೇಕೆಂದೇ ಹೇಳಿದನೋ ಮಾತಿಗೆ ಹೇಳಿದನೋ ನನಗೆ ಇವತ್ತಿಗೂ ತಿಳಿಯದು. ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ನಾನು ಅವನ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಹಾಕುವುದು ತೆಗೆಯುವುದು ಮಾಡುತ್ತ ಕುಳಿತೆ.

ಅವನು ಹೋದ ಮೇಲೆ ಹಾರಾಡಿದೆ. ಒಬ್ಬರ ಬರಹವನ್ನು ಅವರಿಗೆ ತಿಳಿಯದಂತೆ ಓದುವುದು ಯಾವ ಸಂಸ್ಕಾರ, ಇಮೇಲಿನ ವಿಷಯ ಯಾಕೆ ಹೇಳಲಿಲ್ಲ, ಹೀಗೆ. ಸುಮಿತ್ರೆ ನನ್ನ ಬಟ್ಟಲು, ಅಳಿಯನ ಬಟ್ಟಲು ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು, ತೊಳೆದಳು, ಕೈ ಒರೆಸಿಕೊಂಡು ಬಂದು ನನ್ನ ಎದುರು ಕುಳಿತಳು.

"ದೀಪಾವಳಿ ಮುಂದ ನಾ ಒಂದು ವಾರ ತಳೇಗಾಂವಕ್ಕ ಹೋಗಿದ್ದೆ, ನೆನಪದನ?"

"ಹಬ್ಬದ ಫರಾಳ, ಉಂಡಿ-ಚಕ್ಕಲಿ ಮಾಡಿಸಲಿಕ್ಕೆ."

"ಫರಾಳ ಅಲ್ರಿ. ಆಕಿಗೆ ಮೂರು ತಿಂಗಳಿತ್ತು. ಹೋತು."

ಸಾಮಾನ್ಯವಾಗಿ ನನಗೆ ಮಾತಿಗೆ ಬರವಿಲ್ಲ. ಆಗ "ನನಗ್ಯಾಕ ಹೇಳಲಿಲ್ಲ?" ಎಂಬುದೊಂದೇ ಹೊರಟಿತು. ಅದೂ ಜೋರಾಗಿ, ಮತ್ತೊಮ್ಮೆ ನನಗೇ ಕೊನೆಗೆ ಗೊತ್ತಾಯಿತಲ್ಲ ಎನ್ನುವ ಹಳೆಯ ದನಿಯಲ್ಲಿ.

"ಆಕಿನ ಬ್ಯಾಡ ಅಂದ್ಲು. 'ಅಪ್ಪ ಮೊಮ್ಮಗು ಬಂದ ಮ್ಯಾಲೆ ಊಟಕ್ಕ ಬರ್ತೀನಿ ಅಂದಾರ, ಈಗ ಇದನ್ನ ಹ್ಯಾಂಗ ಹೇಳಲೆ ಅಮ್ಮಾ' ಅಂದ್ಲು. ಅದಾದ ಮ್ಯಾಲೂ ನೀವು ಫೋನಿನಾಗ ಅದನ್ನ ಅಂದ್ರಿ. ಸಂಕ್ರಾಂತಿಗೆ ಅಂದ್ರಿ, ಯುಗಾದಿಗೆ ಅಂದ್ರಿ."

"ನೀನಾದರೂ..."

"ನಾ ಏನಂತ ಹೇಳ್ಲಿ? ನಿಮ್ಮ ಕಿವ್ಯಾಗ ಯಾವಾಗ್ಲೂ ಅದು ಇರ್ತದ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಎದ್ದು ಹೋಗಿ ರಾತ್ರಿಯ ಅಡುಗೆಗೆ ಬೇಳೆ ಹಾಕಿದಳು.

ನಾಚಿಕೆ ಎನ್ನುವ ಮಾತನ್ನು ನಾನು ಅಲ್ಲಿಯತನಕ ಎಷ್ಟು ಸಸ್ತಾ ಬಳಸಿದ್ದೆ! ಬಸ್ ಸ್ಟ್ಯಾಂಡಿನ ಹುಡುಗಿಯ ಕಥೆ ಕೇಳುವುದಕ್ಕೆ ನಾಚಿಕೆ, ಬದನೆಕಾಯಿಯವಳ ಮುಂದೆ ನಾಚಿಕೆ, ಕಾದಂಬರಿಯ ತಂದೆಯನ್ನು ಕಂಡು ನಾಚಿಕೆ. ಅವೆಲ್ಲ ನಾಚಿಕೆಯೇ ಅಲ್ಲ ಎಂದು ಆ ಸಂಜೆ ತಿಳಿಯಿತು. ನಿಜವಾದದ್ದು ಬಂದಾಗ ಮುಖ ಬಿಸಿಯಾಗುವುದಿಲ್ಲ, ಕೈಕಾಲು ತಣ್ಣಗಾಗುತ್ತವೆ. ನಾನು ನಗುನಗುತ್ತ ಫೋನಿನಲ್ಲಿ ಅಂದ ಮಾತನ್ನು ಅವಳು ಆ ಕಡೆ ಕುಳಿತು ಹೇಗೆ ಕೇಳಿಸಿಕೊಂಡಿರಬೇಕು? ಸುಮ್ಮನಾಗುತ್ತಿದ್ದಳಲ್ಲ, ಆಗ ಏನು ಮಾಡುತ್ತಿದ್ದಿರಬೇಕು? ಮರುದಿನ ಬೆಳಿಗ್ಗೆ ಗಂಡ ಓದಿ ಹೇಳುವ ಅದೇ ಅಪ್ಪನ ಅಭಿಪ್ರಾಯದಲ್ಲಿ ಬೇರೆಯವರ ಹೆಣ್ಣುಮಕ್ಕಳಿಗೆಲ್ಲ ಕಣ್ಣೀರು, ಆಶೀರ್ವಾದ. ಗಂಗಕ್ಕನ ಸೆರಗು ನೆನಪಾಯಿತು. ನಕಲು ಮಾಡಿ ನಗಿಸುತ್ತಿದ್ದೆನಲ್ಲ, ಅಷ್ಟು ಚೆನ್ನಾಗಿ ಕಲಿತದ್ದು ಸುಮ್ಮನೆ ಹೋಗಲಿಲ್ಲ.

ಆ ಅಭಿಪ್ರಾಯವನ್ನು ಅಳಿಸಿಬಿಡೋಣವೆಂದು ಫೋನು ತೆಗೆದೆ. ಅಳಿಸುವ ಗುಂಡಿಯೂ ಸಿಕ್ಕಿತು. ಆದರೆ ಮದುವೆಯಾದಾಗಿನಿಂದ ನಾನು ಮಗಳಿಗೆ ಆಡಿದ ಮಾತುಗಳಲ್ಲಿ ಅದೊಂದೇ ಸರಿಯಾದದ್ದು. ಅವಳಿಗೆಂದು ಬರೆದದ್ದಲ್ಲ, ಆದರೂ ಅವಳಿಗೆ ಮುಟ್ಟಿತ್ತು. ಇನ್ನೊಮ್ಮೆ ಓದು ಎಂದಿದ್ದಳಲ್ಲ. ಇರಲಿ ಎಂದು ಬಿಟ್ಟೆ.

ಭಾನುವಾರ ಹೊರಟೆವು. ಹೋಗೋಣ ಎಂದಾಗ ಸುಮಿತ್ರೆ ಯಾಕೆ, ಏನು ಎಂದು ಕೇಳಲಿಲ್ಲ. ಸೀರೆ ಉಟ್ಟು ಬಂದು, ಫ್ರಿಜ್ಜಿನ ಮುಂದೆ ನಿಂತು, "ನಿಮ್ಮ ಬಾಟ್ಲಿ ತುಂಬಲೇನು?" ಎಂದಳು. ಬೇಡ ಎಂದೆ. ಸ್ಟೇಷನ್ನಿನ ತನಕ ಬಸ್ಸು, ಅಲ್ಲಿಂದ ಲೋಕಲ್ಲು. ವೈಶಾಖದ ಬಿಸಿಲಿಗೆ ರೈಲುಡಬ್ಬಿಯ ತಗಡು ಕಾದಿತ್ತು. ಪಿಂಪರಿ ದಾಟುವಷ್ಟರಲ್ಲಿ ನಾಲಗೆ ಒಣಗಿತು. ತಣ್ಣನೆಯ ನೀರಿನ ಬಾಟಲಿ ಮಾರುವವನು ಮುಂದೆಯೇ ಹಾದುಹೋದ. ಸುಮಿತ್ರೆ ಅವನನ್ನೂ ನನ್ನನ್ನೂ ನೋಡಿದಳು. ನಾನು ಕಿಟಕಿಯಾಚೆಗಿನ ಕಾರ್ಖಾನೆಗಳನ್ನು ನೋಡುತ್ತ ಕುಳಿತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಜೋಡಿಸಿದ್ದೆಲ್ಲ ಅಭಿಪ್ರಾಯದ ಹಾಗೇ ಇತ್ತು.

ಬಾಗಿಲು ತೆರೆದವಳು ಮೇಧಾ. ಭಾನುವಾರದ ಗಿರಾಕಿಗಳೆಂದು ಪ್ರಶಾಂತ ಹೋಟೆಲಿಗೆ ಹೋಗಿದ್ದ. "ಅ ಗ ಬಾಈ, ಫೋನ್ ತರೀ ಕರಾಯ್ಚಾ," ಎಂದು, ಒಂದು ಫೋನಾದರೂ ಮಾಡಬಾರದಿತ್ತೆ ಎಂಬುದನ್ನು ಮರಾಠಿಯಲ್ಲೇ ಹೇಳಿ, ಅಮ್ಮನನ್ನು ತಬ್ಬಿಕೊಂಡಳು. ನನ್ನ ಕಾಲು ಮುಟ್ಟಿದಳು. ಫ್ಯಾನು ಹಾಕಿದಳು. ಒಳಗೆ ಹೋಗಿ ಒಂದು ಲೋಟ ನೀರು ತಂದು ಅಮ್ಮನ ಕೈಗೆ ಕೊಟ್ಟಳು. ಒಂದೇ ಲೋಟ. ಆಮೇಲೆ ನನ್ನ ಕೈ, ಪಕ್ಕದ ಚೀಲ, ಸೋಫಾದ ಕೆಳಗೆಲ್ಲ ಕಣ್ಣಾಡಿಸಿದಳು.

"ನಿಮ್ಮ ಬಾಟ್ಲಿ ಎಲ್ಲದ ಅಪ್ಪಾ? ಟ್ರೇನಿನಾಗ ಬಿಟ್ರೇನು?" ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಗಾಬರಿಯಾಗಿದ್ದಳು. "ಎಷ್ಟು ಬಿಸಲಾಗ ಬಂದೀರಿ. ತಡೀರಿ, ಕೆಳಗಿನ ದುಕಾನದಿಂದ ಸೀಲ್ ಇರೋ ಬಾಟ್ಲಿ ತರ್ತೀನಿ. ಅದು ನಡೀತದಲಾ ನಿಮಗ? ಅದು ನಮ್ಮ ಮನೀದಲ್ಲ." ಹೇಳುತ್ತಲೇ ಚಪ್ಪಲಿಗೆ ಕಾಲು ಹಾಕಿದಳು.

ನಾನು ಕೈ ಎತ್ತಿ ತಡೆದೆ.

"ಬ್ಯಾಡ," ಎಂದೆ. "ಮನೀದ ಕೊಡು."

ಅವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಅಮ್ಮನ ಕಡೆ ನೋಡಿದಳು. ಸುಮಿತ್ರೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಅಮ್ಮ ಹೇಳಿದ್ಲಾ?"

ತಲೆಯಾಡಿಸಿದೆ. ಅವಳು ಕೆಳತುಟಿ ಕಚ್ಚಿ ಅಳು ತಡೆದುಕೊಂಡಳು. ಚಿಕ್ಕಂದಿನಲ್ಲಿ ಪಾಟಿಯ ಮುಂದೆ ಕುಳಿತು, ಅಳುವ ಮೊದಲು, ಹೀಗೇ ತಡೆದುಕೊಳ್ಳುತ್ತಿದ್ದಳು.

"ಆ ನಂದಿನಿಗೆ ಎಷ್ಟು ಬರದೀರಿ ಅಪ್ಪಾ. ನನಗೂ ಒಂದ್ ಸಾಲು ಬರೀಬೇಕಿತ್ತು."

"ನಿನಗ ಓದ್ಲಿಕ್ಕೆ ಬರೂದಿಲ್ಲಲ," ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಒಂದು ನೆಪ.

"ಓದಿ ಹೇಳಾಂವ ಇದ್ದನಲಾ," ಎಂದಳು.

ಚಪ್ಪಲಿ ಬಿಟ್ಟು ಒಳಗೆ ಹೋದಳು. ಆಮೇಲೆ ಮಣ್ಣಿನ ಮಡಕೆಯ ಮುಚ್ಚಳ ತೆಗೆದದ್ದು, ನೀರು ಬಿದ್ದದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಮುಖ ತೊಳೆದಂತಿತ್ತು. ಅಂಚಿನ ತನಕ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ನಾನು ಎದ್ದು ನಿಂತು ತೆಗೆದುಕೊಂಡೆ. ಯಾಕೆ ಎದ್ದು ನಿಂತೆನೋ. ತುಟಿಗೆ ಹಚ್ಚಿ, ಉಸಿರು ಬಿಡದೆ ಕುಡಿದೆ. ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿತು.

ಅವಳು ಎದುರು ನಿಂತು ನೋಡುತ್ತಲೇ ಇದ್ದಳು. ಕಣ್ಣು ಕೆಂಪಗಿದ್ದರೂ ತುಟಿಯ ಒಂದು ಕೊನೆಯಲ್ಲಿ ಹಳೆಯ ಮೇಧಾ ಇದ್ದಳು, ನನ್ನ ಫೋನು ಕಸಿದುಕೊಂಡ ಮೇಧಾ.

"ಹ್ಯಾಂಗದ ಅಪ್ಪಾ, ನಮ್ಮ ಮನೀ ನೀರು? ಅಭಿಪ್ರಾಯ ಹೇಳ್ರಿ."

ಬಿಬವೇವಾಡಿಯ ಸಹೃದಯಿಗೆ ಒಂದು ಮಾತೂ ಹೊಳೆಯಲಿಲ್ಲ. ಖಾಲಿ ಲೋಟವನ್ನು ಅವಳ ಮುಂದೆ ಚಾಚಿದೆ.

"ಇನ್ನೊಂದ್ ಕೊಡವ್ವಾ," ಎಂದೆ.